ಹೆಗಲ ಮೇಲಿನ ನೀಲಿ ಬಟ್ಟೆ

ನನ್ನ ಗಂಡನಿಗೆ ಸುಳ್ಳು ಹೇಳೋಕೆ ಬರಲ್ಲ. ಇದು ಮದುವೆಯಾದ ವಾರಕ್ಕೇ ನನಗೆ ಗೊತ್ತಾಗಿತ್ತು. ಆದರೂ ಮೂರು ವಾರ ಅವರನ್ನು ಕಳ್ಳನ ಹಾಗೆ ನೋಡಿದೆನಲ್ಲ, ನನ್ನ ಬುದ್ಧಿಗೇನು ಹೇಳಲಿ!

ಅವರು ಜ್ಯೂಸ್ ಅಂಗಡಿಯಲ್ಲಿ ಹಣ್ಣು ಹೆಚ್ಚುವವರು. ಇಪ್ಪತ್ತೆರಡು ವರ್ಷ ಪಳಗಿದ ಕೈ. ಕಿತ್ತಳೆ ಸಿಪ್ಪೆ ತುಂಡಾಗದೆ ಒಂದೇ ಎಳೆಯಲ್ಲಿ ಇಳಿಯುತ್ತೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಹೋಗಿ, ದಿನದ ಹಣ್ಣೆಲ್ಲ ಹೆಚ್ಚಿಟ್ಟು, ಒಂಬತ್ತಕ್ಕೆ ತಿಂಡಿಗೆ ಮನೆಗೆ ಬರುತ್ತಾರೆ. ಸಕ್ಕರೆ ಕಾಯಿಲೆ ಇರೋದರಿಂದ ತಿನ್ನೋ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಬೇಕು, ನೂರ ಮೂವತ್ತರೊಳಗಿರಬೇಕು ಅಂದಿದ್ದರು ಡಾಕ್ಟರು. ಮೂರು ವಾರದ ಹಿಂದೆ ಅದನ್ನು ನೋಡೋ ಮೆಷಿನ್ನು ತಂದ ದಿನದಿಂದ ಅಂಕಿ ಇನ್ನೂರೈವತ್ತರ ಕೆಳಗೆ ಬಂದೇ ಇಲ್ಲ.

ಹಣ್ಣಿನ ಮಧ್ಯೆ ನಿಂತ ಮನುಷ್ಯ ಬಾಯಿಗೆ ಹಾಕಿಕೊಳ್ಳದೆ ಇರ್ತಾನಾ? ಒಂದು ಹೋಳೂ ಮುಟ್ಟಿಲ್ಲ ಅಂತ ಅವರು. ನಾನು ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸುತ್ತಿದ್ದೆ. ಊಟಕ್ಕೂ ಕತ್ತರಿ ಹಾಕಿದೆ: ಬೇಯಿಸಿದ ತರಕಾರಿ, ಒಂದು ಮೊಟ್ಟೆ, ಒಂದೇ ತುಂಡು ಬ್ರೆಡ್ಡು. ಅವರು ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡರು, ಅಂಕಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಆ ಕೆಲಸ ಬಿಡದೆ ನೀವು ಉಳಿಯಲ್ಲ ಅಂತ ಹಟ ಹಿಡಿದೆ. ನಿನ್ನೆ ಅವರು ಜಗಳವಾಡಲಿಲ್ಲ. ಬೆಳಿಗ್ಗೆ ಮಾಲೀಕರಿಗೆ ಹೇಳಿಬಿಡ್ತೀನಿ ಅಂದರು.

ಇವತ್ತು ಬಂದು, ಸೋಪು ಹಾಕಿ ಕೈ ತೊಳೆದು, ಚುಚ್ಚಿಕೊಂಡರು. ಮುನ್ನೂರ ಎಂಟು. ನನಗೆ ಮೈಯೆಲ್ಲ ಉರಿದುಹೋಯಿತು. ಹಣ್ಣು ಮುಟ್ಟದವರ ರಕ್ತ ಹೇಗಿರುತ್ತೆ ತೋರಿಸ್ತೀನಿ ಅಂತ ನಾನೂ ಕೈ ತೊಳೆದು, ಹೊಸ ಸೂಜಿ ತೆಗೆದೆ. ಒದ್ದೆ ಕೈಯಲ್ಲಿ ಹಿಡಿಯಬೇಡ, ಜಾರುತ್ತೆ ಅಂತ ಅವರು ಹೆಗಲ ಮೇಲಿನ ನೀಲಿ ಬಟ್ಟೆ ಕೊಟ್ಟರು. ಚಾಕು ಮುಟ್ಟೋ ಮುಂಚೆ ಅದರಲ್ಲಿ ಕೈ ಒರೆಸಿಕೊಳ್ಳೋದು ಅವರ ಅಭ್ಯಾಸ. ಮನೆಯಲ್ಲಿ ಸೂಜಿ ಹಿಡಿಯೋವಾಗಲೂ ಅಷ್ಟೇ. ನಾನೂ ಒರೆಸಿಕೊಂಡು ಚುಚ್ಚಿಕೊಂಡೆ.

ಇನ್ನೂರ ತೊಂಬತ್ತು.

ಇಬ್ಬರೂ ಮಿಕಮಿಕ ನೋಡಿದೆವು. ನನಗೆ ಸಕ್ಕರೆ ಕಾಯಿಲೆಯೇ ಇಲ್ಲ. ಹೋದ ತಿಂಗಳಷ್ಟೇ ಪರೀಕ್ಷೆ ಮಾಡಿಸಿದ್ದೆ. ಬಟ್ಟೆ ಮೂಸಿದೆ. ದ್ರಾಕ್ಷಿ, ಮಾವು, ಕಿತ್ತಳೆ, ಬೆಳಗಿನ ರಸವೆಲ್ಲ ಅದರಲ್ಲೇ ಇತ್ತು. ದಿನಾ ಸಂಜೆ ಅದನ್ನು ಒಗೆಯೋಳು ನಾನೇ! ಮತ್ತೆ ಕೈ ತೊಳೆದು, ಒಗೆದಿಟ್ಟ ಟವೆಲಿನಲ್ಲಿ ಒರೆಸಿಕೊಂಡು ನೋಡಿದೆವು. ನನ್ನದು ತೊಂಬತ್ತಾರು. ಅವರದು ನೂರ ಹದಿನೆಂಟು. ಬಟ್ಟೆಯಿಂದ ಬೆರಳಿಗಂಟಿದ ಹಣ್ಣಿನ ಸಕ್ಕರೆಯನ್ನೂ ಮೆಷಿನ್ನು ರಕ್ತದ್ದೇ ಅಂತ ಲೆಕ್ಕ ಹಾಕಿತ್ತು.

ಮಾಲೀಕರಿಗೆ ಹೇಳಿಬಿಟ್ರಾ ಅಂತ ಕೇಳೋಕೆ ನನಗೆ ಭಯವಾಯಿತು. ಅವರೇ ಅಂದರು, "ಹೇಳೋಣ ಅಂತ ಎದುರಿಗೆ ಹೋಗಿ ನಿಂತೆ. ಬಾಯೇ ಬರಲಿಲ್ಲ ಕಣೇ."

"ತಪ್ಪಾಯ್ತು ರೀ. ಮೂರು ವಾರ ಹಸಿವಿನಲ್ಲಿಟ್ಟೆ ನಿಮ್ಮನ್ನ."

ಅವರು ಬಟ್ಟೆ ಮಡಿಸಿಟ್ಟರು. "ಹಸಿವು ತಡ್ಕೋಬಹುದು. ನೀನು ಬಾಗಿಲಲ್ಲಿ ಬಾಯಿ ಮೂಸ್ತಿದ್ದೆಯಲ್ಲ, ಅದೇ ಆಗ್ತಿರಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅವರ ತಟ್ಟೆಗೆ ಇನ್ನೊಂದು ಮೊಟ್ಟೆ, ಇನ್ನೊಂದು ತುಂಡು ಬ್ರೆಡ್ಡು ಹಾಕಿದೆ. ನಾಳೆ ಡಾಕ್ಟರ ಹತ್ತಿರ ನಾನೂ ಹೋಗ್ತೀನಿ. ಇವರು ಒಂದು ಹೋಳೂ ಮುಟ್ಟಿಲ್ಲ ಅಂತ ನನ್ನ ಬಾಯಲ್ಲೇ ಹೇಳಬೇಕು.