ಹದಿನೇಳನೇ ಪುಸ್ತಕ

ಉಮಾಶಂಕರನಿಗೆ ತಾನೊಬ್ಬ ಕಲಾವಿದನಿರಬಹುದೆಂಬ ಅನುಮಾನ ಹುಟ್ಟಿದ್ದು ಐವತ್ತೊಂದನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಇಪ್ಪತ್ತಾರು ವರ್ಷ ಅರಸೀಕೆರೆಯ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಕೂತು ಹಳೆಯ ಕಡತಗಳನ್ನು ದಬ್ಬಣದಲ್ಲಿ ಹೊಲಿದು ಕಟ್ಟಿಡುತ್ತಿದ್ದ. ಆಗೆಲ್ಲ ಅದು ಬರೀ ಕೆಲಸ. ಒಂದು ಭಾನುವಾರ ಫೋನಿನಲ್ಲಿ ಯಾರೋ ಹೆಂಗಸು ಹಾಳೆ ಮಡಿಸಿ, ಹೊಲಿದು, ರಟ್ಟಿಗೆ ಹೂವಿನ ಬಟ್ಟೆ ಅಂಟಿಸಿ, ಆ ಪುಸ್ತಕವನ್ನು ಗೆಳತಿಗೆ ಉಡುಗೊರೆ ಕೊಡುವುದನ್ನು ನೋಡಿದ. ‘ಇದು ನಾನು ದಿನಾ ಮಾಡೋದೇ ಅಲ್ವಾ, ಬಟ್ಟೆಯೊಂದು ಹೆಚ್ಚಿಗೆ’ ಅನ್ನಿಸಿತು. ಆವತ್ತಿನಿಂದ ಅದು ಕಲೆಯಾಯಿತು.

ಮೊದಲನೆಯ ಪುಸ್ತಕಕ್ಕೆ ಬಲಿಯಾದದ್ದು ಅವನದೇ ಹಳೆಯ ಚೌಕಳಿ ಲುಂಗಿ. ಮೈದಾ ಅಂಟು ಬೇಯಿಸಿ, ಎರಡು ದಿನ ಒದ್ದಾಡಿ ಮುಗಿಸಿ, ಹೆಂಡತಿ ರಮಾಳ ಹುಟ್ಟುಹಬ್ಬಕ್ಕೆ ಕೊಟ್ಟ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, “ಚೆನ್ನಾಗಿದೆ ರೀ. ಆದ್ರೆ ಇದು ಬಾಯಿ ಮುಚ್ಚಲ್ವಲ್ಲ?” ಅಂದಳು. ನಿಜವಾಗಿಯೂ ಪುಸ್ತಕ ಹಲ್ಲುನೋವು ಬಂದವರ ಹಾಗೆ ಅರ್ಧ ಬಾಯಿ ತೆರೆದುಕೊಂಡೇ ಇತ್ತು. ರಮಾ ಅದನ್ನು ರಾಗಿಹಿಟ್ಟಿನ ಡಬ್ಬದ ಕೆಳಗಿಟ್ಟಳು. ಒತ್ತಿ ಸರಿಹೋಗಲಿ ಅಂತ ಇಟ್ಟದ್ದು ಒಂದು ತಿಂಗಳಾದರೂ ಅಲ್ಲೇ ಇತ್ತು.

ಇಂಥದ್ದಕ್ಕೆಲ್ಲ ಕಲಾವಿದರು ಜಗ್ಗುವುದಿಲ್ಲ. ಮೂರು ವರ್ಷದಲ್ಲಿ ಉಮಾಶಂಕರ ನಲವತ್ತೆರಡು ಪುಸ್ತಕ ಮಾಡಿದ. ಮದುವೆ, ನಾಮಕರಣ, ಗೃಹಪ್ರವೇಶ, ನಿವೃತ್ತಿ, ಯಾವುದೇ ಇರಲಿ ಅವನ ಕೈಯಲ್ಲೊಂದು ಬಟ್ಟೆ ಹೊದಿಸಿದ ಪುಸ್ತಕ ಇರುತ್ತಿತ್ತು. ಮೊದಲ ಹಾಳೆಯಲ್ಲಿ ಪಡೆಯುವವರ ಹೆಸರು ಹಾಕಿ, ಸೊಟ್ಟ ಬಳ್ಳಿಯ ಚಿತ್ರ ಬಿಡಿಸಿ, ಕೊಂಡಿ ಕೊಂಡಿಯಾದ ಅಕ್ಷರದಲ್ಲಿ ‘ನಿಮ್ಮ ಬಾಳಿನ ಅಮೂಲ್ಯ ನೆನಪುಗಳು ಈ ಪುಟಗಳನ್ನು ತುಂಬಲಿ’ ಎಂದು ಬರೆಯುತ್ತಿದ್ದ. ಆ ವಾಕ್ಯ ಅವನಿಗೆ ಎಷ್ಟು ಹಿಡಿಸಿತ್ತೆಂದರೆ ಒಂದು ವರ್ಷದ ಕೂಸಿಗೂ ಅದನ್ನೇ ಬರೆದುಕೊಟ್ಟಿದ್ದ. ರೆಕಾರ್ಡ್ ರೂಮಿನ ಅಭ್ಯಾಸ ಬಿಡಬೇಕಲ್ಲ, ಪುಸ್ತಕಗಳಿಗೂ ಒಂದು ವಹಿ ಇಟ್ಟಿದ್ದ. ಕ್ರಮ ಸಂಖ್ಯೆ, ಬಟ್ಟೆಯ ವಿವರ, ಹಾಳೆಗಳ ಸಂಖ್ಯೆ, ಯಾರಿಗೆ ಕೊಟ್ಟದ್ದು, ಕೊನೆಗೆ ಷರಾ. ಷರಾದ ಕಾಲಂನಲ್ಲಿ ಜನರ ಮೆಚ್ಚುಗೆ ಬರೆಯಬೇಕೆಂದಿದ್ದ. ಅದು ಇನ್ನೂ ಖಾಲಿಯಿತ್ತು.

ಉಮಾಶಂಕರ, ರಮಾರ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ಮನೆಯಲ್ಲಿ ಹತ್ತು ಹದಿನೈದು ಜನಕ್ಕೆ ಊಟವಿತ್ತು. ಬೇಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ತಮ್ಮ ಸ್ವಾಮಿ ಹೆಂಡತಿಯೊಡನೆ ಬಂದಿದ್ದ. ಕಚೇರಿಯಿಂದ ಚೇತನ್‌ಕುಮಾರ್ ಬಂದಿದ್ದ. ಅವನ ಮದುವೆಗೂ, ಮಗುವಿನ ನಾಮಕರಣಕ್ಕೂ ಉಮಾಶಂಕರ ಪುಸ್ತಕ ಕೊಟ್ಟಿದ್ದ. ಕಾಯಿ ಒಬ್ಬಟ್ಟಿನ ಊಟ ಮುಗಿದು ಎಲ್ಲರೂ ನಡುಮನೆಯಲ್ಲಿ ಕೂತಾಗ ಸ್ವಾಮಿ ಒಂದು ಪೊಟ್ಟಣ ತೆಗೆದು ಅಣ್ಣನ ಕೈಗಿಟ್ಟ.

“ಬಿಚ್ಚಣ್ಣ. ನಿಂಗೆ ಪುಸ್ತಕದ ಹುಚ್ಚಲ್ವಾ, ಅದ್ಕೇ ಇದು. ಬೇಲೂರಲ್ಲಿ ಆರ್ಡರ್ ಕೊಟ್ಟು ಮಾಡಿಸಿದ್ದು.”

ಬಣ್ಣದ ಕಾಗದ ಬಿಚ್ಚಿದರೆ ಒಳಗೆ ಹಸಿರು ಬಟ್ಟೆಯ ಪುಸ್ತಕ. ಬಟ್ಟೆಯ ತುಂಬ ಕೆಂಪು ಕೊಕ್ಕಿನ ಗಿಳಿಗಳು. ಎಲ್ಲ ಗಿಳಿಗಳೂ ತಲೆಕೆಳಗು.

ಉಮಾಶಂಕರ ಗಿಳಿಗಳ ಮೇಲೆ ಬೆರಳಾಡಿಸಿದ. ಅದು ರಮಾಳ ಹಳೆಯ ಕಾಟನ್ ಸೀರೆ. ಬಟ್ಟೆ ತಲೆಕೆಳಗಾಗಿದೆ ಎಂದು ಅವನಿಗೆ ಗೊತ್ತಾದದ್ದು ಅಂಟು ಒಣಗಿದ ಮೇಲೆ. ಅವನೇ ಮಾಡಿ, ಅವನೇ ಯಾರಿಗೋ ಕೊಟ್ಟಿದ್ದ ಪುಸ್ತಕ ತಿರುಗಾಡಿ ಅವನ ಮನೆಗೇ ವಾಪಸು ಬಂದಿತ್ತು.

ಅಷ್ಟರಲ್ಲಿ ಚೇತನ್‌ಕುಮಾರ್ ಪುಸ್ತಕ ಕೈಗೆ ತೆಗೆದುಕೊಂಡಿದ್ದ. “ಇದು ನೋಡಿ ಸಾರ್, ಇದು ಫಿನಿಶಿಂಗ್ ಅಂದ್ರೆ!” ಅಂದ. “ಬೇಜಾರು ಮಾಡ್ಕೋಬೇಡಿ, ನಿಮ್ಮದೂ ಚೆನ್ನಾಗಿರ್ತವೆ. ಆದ್ರೆ ಕಲಿತವರ ಕೈಯೇ ಬೇರೆ. ಗಿಳಿನ ತಲೆಕೆಳಗೆ ಇಟ್ಟಿದಾರೆ ನೋಡಿ, ಅದೇ ಡಿಸೈನು. ನಮ್ಮಂಥೋರಿಗೆಲ್ಲ ಅದು ಹೊಳೆಯುತ್ತಾ?”

ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಬ್ಬರು ಮೂಸಿ ನೋಡಿದರು, ಇನ್ನೊಬ್ಬರು ಕೆನ್ನೆಗೆ ಒತ್ತಿಕೊಂಡರು. ಮೂರು ವರ್ಷದಿಂದ ಉಮಾಶಂಕರ ಕಾದಿದ್ದ ಹೊಗಳಿಕೆಯೆಲ್ಲ ಅವನ ಕಣ್ಣೆದುರೇ ಬೇಲೂರಿನ ಯಾವನೋ ಇಲ್ಲದ ಕುಶಲಕರ್ಮಿಗೆ ಸಂದಾಯವಾಗುತ್ತಿತ್ತು. ‘ಅದು ನನ್ನದು ಕಣ್ರೋ’ ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಸ್ವಾಮಿಯ ಮಾನ ಹೋಗುತ್ತದೆ. ಇನ್ನೂ ದೊಡ್ಡ ಭಯವೆಂದರೆ, ತನ್ನದೆಂದು ತಿಳಿದ ಕೂಡಲೇ ಇವರೆಲ್ಲ ಹೊಗಳುವುದನ್ನು ನಿಲ್ಲಿಸಿಬಿಟ್ಟರೆ? ಅದಕ್ಕೇ ಸುಮ್ಮನೆ ಹಲ್ಲು ಕಿರಿದು, “ಹೌದು, ಒಳ್ಳೇ ಕೆಲಸ” ಅಂದ. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವಾಗ ಸ್ವಲ್ಪ ಸುಖವೂ ಆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಮಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಆರು ವರ್ಷ ಉಟ್ಟ ಸೀರೆಯ ಗಿಳಿಗಳು ಅವಳಿಗೆ ಗುರುತು ಸಿಗದೆ ಇರುತ್ತವೆಯೇ?

ಎಲ್ಲರೂ ಹೋದ ಮೇಲೆ ವಹಿ ತೆಗೆದು ನೋಡಿದ. ಕ್ರಮ ಸಂಖ್ಯೆ ಹದಿನೇಳು, ಗಿಳಿ ಸೀರೆ, ತೊಂಬತ್ತಾರು ಹಾಳೆ, ಲಲಿತಮ್ಮ ಮೇಡಂ ನಿವೃತ್ತಿಗೆ. ಲಲಿತಮ್ಮ ಪಕ್ಕದ ಬೀದಿಯಲ್ಲಿದ್ದ ಶಾಲಾ ಶಿಕ್ಷಕಿ. ನಿವೃತ್ತಿಯಾದ ಮೇಲೆ ತಮ್ಮೂರು ಹಳೇಬೀಡಿಗೆ ಹೋಗಿದ್ದರು. ಪುಸ್ತಕದ ಹಾಳೆ ಎಣಿಸಿದ, ತೊಂಬತ್ನಾಲ್ಕು ಇದ್ದವು. ಬಳ್ಳಿಯ ಚಿತ್ರದ ಮೊದಲ ಹಾಳೆ ಇರಲಿಲ್ಲ. ಎರಡನೆಯ ಹಾಳೆಯೂ ಇರಲಿಲ್ಲ. ಹೊಲಿಗೆ ಸಡಿಲವಾಗದಂತೆ ಅರ್ಧ ಇಂಚು ಬಿಟ್ಟು, ಸ್ಕೇಲ್ ಇಟ್ಟು ಕತ್ತರಿಸಿದ್ದರು.

“ಮೊದಲನೇದು ಸರಿ, ಹೆಸರಿತ್ತು. ಎರಡನೇದು ಯಾಕೆ ಕಿತ್ತರು?” ಅಂದ.

“ಹೋಗಿ ಕೇಳ್ಕೊಂಡು ಬನ್ನಿ, ಹೇಗೂ ನಿಮಗೆ ನಿದ್ದೆ ಬರಲ್ಲ” ಅಂದಳು ರಮಾ.

ಶನಿವಾರ ಬೆಳಿಗ್ಗೆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಜಾವಗಲ್ ದಾಟುವ ತನಕ ಗತ್ತಿನ ಮಾತುಗಳನ್ನೇ ಮನಸ್ಸಿನಲ್ಲಿ ಹೊಂದಿಸಿಕೊಂಡ: ‘ಮೇಡಂ, ಉಡುಗೊರೆ ಅನ್ನೋದು ಹೃದಯದ ಒಂದು ತುಂಡು...’ ಹಳೇಬೀಡಿನಲ್ಲಿ ಇಳಿದು, ಪ್ರವಾಸಿಗರ ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ಕೆರೆಯ ಕಡೆಯ ಮನೆ ತಲುಪುವಷ್ಟರಲ್ಲಿ ಒಂದೂ ನೆನಪಿರಲಿಲ್ಲ. ಸುಮ್ಮನೆ ಪುಸ್ತಕ ತೆಗೆದು ಅವರ ಮುಂದಿಟ್ಟ.

ಲಲಿತಮ್ಮ ನೋಡಿ ಕೆಂಪಗಾದರು. “ಅಯ್ಯೋ ದೇವರೇ! ಇದು ನಿಮ್ಮ ಕೈಗೆ ಹೇಗೆ ಬಂತು? ಬೇಲೂರಲ್ಲಿ ಒಬ್ಬಳು ಹಳೇ ವಿದ್ಯಾರ್ಥಿನಿ ಗೃಹಪ್ರವೇಶಕ್ಕೆ ಕೊಟ್ಟಿದ್ದೆನಲ್ಲ.”

“ಆಕೆ ನನ್ನ ತಮ್ಮನ ಹೆಂಡತಿ ಮೇಡಂ.”

ಲಲಿತಮ್ಮ ತಲೆಯ ಮೇಲೆ ಕೈ ಹೊತ್ತುಕೊಂಡರು. ಆಮೇಲೆ ಅವರಿಗೆ ನಗು ಬಂತು, ಅವನಿಗೂ ಬಂತು. ಕಾಫಿ ಕೊಟ್ಟು ಎದುರಿಗೆ ಕೂತು ಅವರೇ ಹೇಳಿದರು.

“ಬೇಜಾರು ಮಾಡ್ಕೋಬೇಡಿ ಉಮಾಶಂಕರ್. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಪ್ರಬಂಧ ಬರೀರಿ ಬರೀರಿ ಅಂತ ಬಡ್ಕೊಂಡವಳು ನಾನು. ನೀವು ಕೊಟ್ಟ ಪುಸ್ತಕ ತೆಗೆದ್ರೆ, ‘ಅಮೂಲ್ಯ ನೆನಪುಗಳು ಈ ಪುಟಗಳನ್ನು ತುಂಬಲಿ’ ಅಂತ ಇದೆ. ಅದನ್ನ ಓದಿದ ಮೇಲೆ ಕೈಯೇ ಓಡಲಿಲ್ಲ ಕಣ್ರೀ. ನೂರ ತೊಂಬತ್ತು ಪುಟ ತುಂಬುವಷ್ಟು ಅಮೂಲ್ಯವಾದದ್ದು ನನ್ನ ಹತ್ರ ಏನಿದೆ? ಕೊನೆಗೆ ಆ ಹಾಳೆ ಕತ್ತರಿಸಿ ಪಕ್ಕಕ್ಕಿಟ್ಟೆ. ಆಮೇಲೆ ಒಂದೇ ಒಂದು ಪುಟ ಬರೆದೆ. ಅದಕ್ಕೆ ಎಂಟು ದಿನ ಹಿಡೀತು.”

“ಏನು ಬರೆದ್ರಿ?” ಎಂದು ಕೇಳಿ, ಕೇಳಬಾರದಿತ್ತೇನೋ ಅಂದುಕೊಂಡ.

ಲಲಿತಮ್ಮ ಒಳಗಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತಂದರು. ಅಂಚಿನ ಅಳತೆ ನೋಡಿದ ಕೂಡಲೇ ಉಮಾಶಂಕರನಿಗೆ ಗೊತ್ತಾಯಿತು, ಅದು ತನ್ನದೇ ಹಾಳೆ.

“ನಮ್ಮಕ್ಕ ಮಾದಮ್ಮ ಅಂತ, ಕಣಕಟ್ಟೆಯಲ್ಲಿದಾಳೆ. ತೋಟ ನೋಡ್ಕೊಂಡಿದಾಳೆ, ಓದಿದ್ದು ಏಳನೇ ಕ್ಲಾಸು. ಹನ್ನೊಂದು ವರ್ಷದ ಹಿಂದೆ ಒಂದು ಕಾಗದ ಬರೆದಿದ್ಲು, ಪ್ರೀತಿಯಿಂದ. ನಾನು ಏನು ಮಾಡಿದೆ ಗೊತ್ತಾ? ಪರೀಕ್ಷೆ ಪೇಪರ್ ತಿದ್ದುತ್ತಾ ಕೂತಿದ್ದೆ. ಅದೇ ಕೆಂಪು ಪೆನ್ನಲ್ಲಿ ಅವಳ ಕಾಗದದ ತಪ್ಪಿಗೆಲ್ಲ ಸುತ್ತು ಹಾಕಿ, ಸರಿ ಬರೆದು, ವಾಪಸ್ ಕಳಿಸಿದೆ. ತಮಾಷೆ ಅಂದ್ಕೊಂಡೆ. ಅವಳು ಅವತ್ತಿಂದ ಮಾತು ಬಿಟ್ಲು. ನಮ್ಮ ಮಗಳ ಮದುವೆಗೂ ಬರಲಿಲ್ಲ.”

ಹಾಳೆಯ ಒಂದು ಬದಿಯಲ್ಲಿ ಲಲಿತಮ್ಮ ದುಂಡಗಿನ ಅಕ್ಷರದಲ್ಲಿ ಅಕ್ಕನ ಕ್ಷಮೆ ಕೇಳಿದ್ದರು. ಅಕ್ಷರಗಳ ಮೇಲೆ ಅಲ್ಲಲ್ಲಿ ಕೆಂಪು ಸುತ್ತು ಇತ್ತು.

“ಕಾಗದ ಕಳಿಸಿದ ಮೂರನೇ ದಿನ ಅವಳೇ ಬಂದ್ಲು, ಒಂದು ಚೀಲ ಎಳನೀರು ಹೊತ್ಕೊಂಡು. ಒಳಗೆ ಬಂದವಳೇ ಈ ಹಾಳೆ ಮುಂದೆ ಬಿಸಾಕಿ, ‘ಮೂರು ತಪ್ಪು ಅವೆ, ತಿದ್ಕೋ’ ಅಂದ್ಲು.” ಲಲಿತಮ್ಮ ಕಣ್ಣೊರೆಸಿಕೊಂಡರು, ನಗುತ್ತಲೇ. “ಮೂರರಲ್ಲಿ ಒಂದು ನಿಜವಾಗ್ಲೂ ತಪ್ಪೇ ಕಣ್ರೀ.”

ಉಮಾಶಂಕರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಾನು ಒಂದೊಂದು ಪುಸ್ತಕಕ್ಕೂ ತೊಂಬತ್ತಾರು ಹಾಳೆ ಹೊಲಿದದ್ದು, ಬೇಕಾಗಿದ್ದದ್ದು ಒಂದು ಹಾಳೆ. ಅದೂ ತನ್ನ ಬಳ್ಳಿ, ತನ್ನ ವಾಕ್ಯ ಕಿತ್ತು ಹಾಕಿದ ಮೇಲೆ ಸಿಕ್ಕಿದ್ದು.

“ಉಳಿದ ಹಾಳೆ ನನ್ನ ನೋಡಿ ‘ಇನ್ನೂ ಬರಿ, ಇನ್ನೂ ಬರಿ’ ಅಂದ ಹಾಗಾಗ್ತಿತ್ತು. ಎಸೆಯೋಕೆ ಮನಸ್ಸು ಬರಲಿಲ್ಲ, ಅಷ್ಟು ಚೆಂದ ಇತ್ತು. ಅದ್ಕೇ ದಾಟಿಸಿಬಿಟ್ಟೆ” ಅಂದರು. ಹೊರಡುವಾಗ ಹಳದಿ ಹೂವಿನ ಹಾಸಿಗೆ ಬಟ್ಟೆಯೊಂದನ್ನು ಕೈಗಿಟ್ಟರು. “ಇದರಲ್ಲಿ ಎರಡು ಪುಸ್ತಕ ಮಾಡ್ಕೊಡ್ತೀರಾ? ನಂಗೊಂದು, ಅಕ್ಕನಿಗೊಂದು. ತೆಳ್ಳಗಿರಲಿ. ಮತ್ತೆ, ಮೊದಲನೇ ಹಾಳೇಲಿ ಏನೂ ಬರೀಬೇಡಿ.”

ಮೂರು ವರ್ಷದಲ್ಲಿ ಅವನನ್ನು ಒಬ್ಬರು ಪುಸ್ತಕ ಬೇಕೆಂದು ಕೇಳಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಅರಸೀಕೆರೆಯ ಬಸ್ಸು ಬಿಟ್ಟು ಬೇಲೂರಿನ ಬಸ್ಸು ಹತ್ತಿದ.

ಸ್ವಾಮಿ ಅಂಗಡಿಯಲ್ಲಿ ಯಾರದೋ ಆಧಾರ್ ಕಾರ್ಡಿನ ಪ್ರತಿ ತೆಗೆಯುತ್ತಿದ್ದ. ಅಣ್ಣ ಎಲ್ಲವನ್ನೂ ಹೇಳಿದ ಮೇಲೆ ಯಂತ್ರ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದ.

“ನಿಂದಾ ಅದು? ನಮ್ಮಪ್ಪನಾಣೆಗೂ ಗೊತ್ತಿರ್ಲಿಲ್ಲ ಕಣಣ್ಣ.”

“ಆರ್ಡರ್ ಕೊಟ್ಟು ಮಾಡಿಸ್ದೆ ಅಂದ್ಯಲ್ಲೋ!”

“ಗೃಹಪ್ರವೇಶದಲ್ಲಿ ಬಂದಿದ್ದು ಅಂತ ಹೇಳಕ್ಕಾಗುತ್ತಾ ಅಷ್ಟು ಜನರ ಮುಂದೆ?” ಸ್ವಾಮಿ ತಲೆ ಕೆರೆದುಕೊಂಡ. “ನಿಜ ಹೇಳ್ಲಾ? ನೀನು ಮಾಡಿದ್ದು ಅಂತ ಗೊತ್ತಿದ್ದಿದ್ರೆ ತಂದು ನಿಂಗೇ ಕೊಡ್ತಿದ್ನಾ? ಮನೇಲಿ ಬಂದಿದ್ದ ಸಾಮಾನಲ್ಲೆಲ್ಲ ಅದೇ ಚೆನ್ನಾಗಿತ್ತು. ಅಣ್ಣನಿಗೇ ಇರಲಿ ಅಂತ ಎತ್ತಿಟ್ಟಿದ್ದೆ.”

ಬೈಯಬೇಕೆಂದು ಬಂದಿದ್ದ ಉಮಾಶಂಕರ ಎದುರಿನ ಹೋಟೆಲಿನಲ್ಲಿ ತಮ್ಮನಿಗೆ ಮಸಾಲೆ ದೋಸೆ ಕೊಡಿಸಿ ಬಂದ.

ಎರಡು ಪುಸ್ತಕಗಳು ಮುಗಿಯುವುದಕ್ಕೆ ಹದಿನೈದು ದಿನ ಬೇಕಾಯಿತು. ಒಬ್ಬರು ಕೇಳಿ ಮಾಡಿಸಿಕೊಳ್ಳುತ್ತಿರುವುದೆಂದು ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಬಿಚ್ಚಿ ಹಾಕಿದ. ಒಂದು ಸಲ ಬಟ್ಟೆಯನ್ನು ಒಳಹೊರಗು ಮಾಡಿ ಅಂಟಿಸಿ ಕಿತ್ತ. ಇನ್ನೊಂದು ಸಲ ಅಂಟು ನೀರಾಗಿ ಬಟ್ಟೆಯ ಮೇಲೆಲ್ಲ ಕಲೆಯಾಯಿತು. ಕೊನೆಗೆ ಇಪ್ಪತ್ತು ಇಪ್ಪತ್ತು ಹಾಳೆಯ, ಅಂಗೈ ಅಗಲದ ಎರಡು ಪುಸ್ತಕ ಸಿದ್ಧವಾದವು; ಎರಡೂ ಬಾಯಿ ಮುಚ್ಚುತ್ತಿದ್ದವು. ಅಷ್ಟಾದ ಮೇಲೆ ಪೆನ್ನು ಹುಡುಕತೊಡಗಿದ.

“ಏನು ಹುಡುಕ್ತಿದೀರಿ?” ಅಂದಳು ರಮಾ.

“ಏನಿಲ್ಲ, ಒಂದು ಸಣ್ಣ ಬಳ್ಳಿ... ಮೂಲೇಲಿ.”

ರಮಾ ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಲಲಿತಮ್ಮನವರ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದ. ಮಾದಮ್ಮ ಮಾತ್ರ ತಾವೇ ಬಂದರು. ಕಣಕಟ್ಟೆಯ ಬಸ್ಸಿಳಿದು ವಿಳಾಸ ಕೇಳಿಕೊಂಡು, ಬಿಸಿಲಲ್ಲಿ ಬೆವರುತ್ತ ಬಂದು ಜಗಲಿಯ ಮೇಲೆ ಕೂತರು. ಅರವತ್ತೈದು ದಾಟಿದ, ಗಟ್ಟಿ ಕೈಯ ಹೆಂಗಸು. ಪುಸ್ತಕವನ್ನು ಕೊಬ್ಬರಿ ನೋಡುವ ಹಾಗೆ ಬೆರಳಿಂದ ತಟ್ಟಿ, ಬೆನ್ನು ಬಗ್ಗಿಸಿ, ಹೊಲಿಗೆ ಎಳೆದು ನೋಡಿದರು. ಉಮಾಶಂಕರ ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಂತಿದ್ದ.

“ಪೆನ್ನೈತಾ?”

ರಮಾ ಬೀಗ ತೆಗೆದು ಒಂದನ್ನು ತಂದುಕೊಟ್ಟಳು. ಮಾದಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲನೇ ಹಾಳೆಯಲ್ಲೇ ಬರೆಯತೊಡಗಿದರು. ಉಮಾಶಂಕರ ಕತ್ತು ಉದ್ದ ಮಾಡಿದ.

“ಆ ಕಡೆ ತಿರುಗಿ, ಓದ್ಬೇಡಿ.”

ಅವನು ಗೋಡೆಯ ಕಡೆ ತಿರುಗಿದ. ತನ್ನ ಪುಸ್ತಕದಲ್ಲಿ ಒಬ್ಬರು ಬರೆಯುವುದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಈಗಲೂ ಕಾಣಲಿಲ್ಲ, ಪೆನ್ನಿನ ಸದ್ದಷ್ಟೇ ಕೇಳಿಸಿತು. ಇನ್ನೇನು ನಿಲ್ಲುತ್ತದೆ ಎಂದುಕೊಂಡರೂ ಸದ್ದು ನಿಲ್ಲಲಿಲ್ಲ. ಒಂದು ಪುಟ ಮಗುಚಿತು, ಇನ್ನೊಂದು ಮಗುಚಿತು. ರಮಾ ತಂದಿಟ್ಟ ಕಾಫಿ ಆರಿತು.

ಕೊನೆಗೆ ಮಾದಮ್ಮ ಪುಸ್ತಕ ಮುಚ್ಚಿ ಎದ್ದರು. “ಹೊಲಿಗೆ ಗಟ್ಟಿ ಐತೆ” ಅಂದರು. “ಆದ್ರೆ ಇಷ್ಟು ತೆಳ್ಳಗೆ ಮಾಡಿದ್ರೆ ಎಲ್ಲಿಗೆ ಸಾಲ್ತದೆ? ಅವಳಿಗೆ ಹೇಳೋದು ಹನ್ನೊಂದು ವರ್ಷದ್ದು ಐತೆ. ದಪ್ಪಂದು ಇದ್ರೆ ಕೊಡಿ.”

ಉಮಾಶಂಕರ ರಮಾಳ ಮುಖ ನೋಡಿದ. ಅವಳು ಒಳಗೆ ಹೋಗಿ ತೊಂಬತ್ನಾಲ್ಕು ಹಾಳೆಯ ಗಿಳಿ ಪುಸ್ತಕ ತಂದು ಮಾದಮ್ಮನ ಕೈಗೆ ಕೊಟ್ಟಳು. ಮಾದಮ್ಮ ಅದನ್ನು ತಿರುಗಿಸಿ ನೋಡಿ, “ಗಿಳಿ ಯಾಕೆ ತಲೆಕೆಳಗಾಗವೆ?” ಅಂದರು.

“ನನ್ನ ತಪ್ಪು ತಾಯಿ, ಅಂಟಿಸೋವಾಗ ನೋಡ್ಕೊಳ್ಳಲಿಲ್ಲ” ಅಂದ ಉಮಾಶಂಕರ.

“ಇರ್ಲಿ ಬಿಡಿ” ಎಂದು ಮಾದಮ್ಮ ಎರಡೂ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.