ಸಂತೋಷದಿಂದ ಕೊಟ್ಟೆ

ಪಿನ್ನು ಚುಚ್ಚಿತು, ಕುತ್ತಿಗೆಯ ಕೆಳಗೆ, ಈ ನೀಲಿ ಹೂಗೊಂಚಲು ಸಿಕ್ಕಿಸುವಾಗ ಪಾದ್ರಿಯ ಹೆಂಡತಿಯ ಕಣ್ಣು ಬೇರೆಲ್ಲೋ ಇತ್ತು, ಪಾಪ, ಮರೆಯಬೇಡ ಅನ್ನೋ ಹೆಸರಿನ ಹೂವಂತೆ, ಮರೆಯೋದಕ್ಕೆ ಯಾವಳು ಹೊರಟಿದ್ದಾಳೆ ಇಲ್ಲಿ — ಟ್ರೈಫೀನಾ ಮುಂದಿನ ಬೆಂಚಿನಲ್ಲಿ ಕೂತು ಕಣ್ಣು ಕಿರಿದು ಮಾಡಿದಳು, ಬಿಸಿಲು, ಜುಲೈ ಒಂದನೇ ತಾರೀಕು ಮಂಜಿಲ್ಲದೆ ಹೀಗೆ ಕಾಯೋದು ಈ ಕೊಲ್ಲಿಯಲ್ಲಿ ಅಪರೂಪ, ಮೀನು ಒಣಗೋಕೆ ಹರವೋ ದಿನ ಇದು, ಕಾಡ್ ಮೀನೆಲ್ಲ ಉಪ್ಪಿನಲ್ಲೇ ಬಿದ್ದಿದೆ, ಇವತ್ತು ಯಾರೂ ಕೆಲಸ ಮುಟ್ಟಬಾರದು, ಯುದ್ಧದಲ್ಲಿ ಇದೇ ತಾರೀಕು ತೀರಿಹೋದ ಹುಡುಗರ ದಿನ, ಹೆಡ್ಲಿ ಇದ್ದಿದ್ದರೆ ನಗ್ತಿದ್ದ, ಅಮ್ಮಾ, ನನ್ನ ಹೆಸರು ಹೇಳ್ಕೊಂಡು ಮೀನು ಕೊಳೆಸ್ಬೇಡ ಅಂತಿದ್ದ. ಎದುರಿಗೆ ಬಾವುಟ ಹೊದ್ದ ನೆನಪಿನ ಕಲ್ಲು, ಅದರ ಹಗ್ಗ ಎಳೆಯಬೇಕಾದವಳು ತಾನು, ಸೇಂಟ್ ಜಾನ್ಸ್ ಪಟ್ಟಣದಿಂದ ಬಂದ ಕ್ರೆಸ್ವಿಕ್ ದೊರೆ ನಿನ್ನೆ ಅಡುಗೆಮನೆಯಲ್ಲಿ ಕೂತು ಕಾಕಂಬಿ ಬ್ರೆಡ್ಡು ತಿನ್ನುತ್ತಾ ಪಾಠ ಹೇಳಿಕೊಟ್ಟು ಹೋದರು, ಒಂದೇ ವಾಕ್ಯ ಮಿಸೆಸ್ ಪೆನ್ನಿ, ನನ್ನ ಮಗನನ್ನು ರಾಜನಿಗೆ ಸಂತೋಷದಿಂದ ಕೊಟ್ಟೆ, ಅಷ್ಟು ಹೇಳಿ ಹಗ್ಗ ಎಳೆದರಾಯಿತು, ಅವರು ಹೋದ ಮೇಲೆ ಗಂಡ ಏಬ್ರಮ್ ಅಂದ, ಹೇಳಿಬಿಡೆ ಮಾರಾಯ್ತಿ, ನಾಲಿಗೆ ಸವೆಯುತ್ತಾ, ಅಂದವನು ದೋಣಿಗೆ ಟಾರು ಬಳಿಯೋಕೆ ಹೋದ, ಬಳಿದದ್ದಕ್ಕೇ ಮತ್ತೆ ಬಳಿಯುತ್ತಾನೆ, ಮೂರು ವರ್ಷದಿಂದ ಅದೇ.

ಸಂತೋಷದಿಂದ, ಎಂಥಾ ಮಾತು, ದಂಡಿಗೆ ಕರೆದೊಯ್ಯೋ ಹಡಗು ಬರೋ ಬೆಳಿಗ್ಗೆ ಅವನ ಬೂಟುಗಳನ್ನು ಹಿಟ್ಟಿನ ಪೀಪಾಯಿಯಲ್ಲಿ ಹೂತಿಟ್ಟವಳು ನಾನು, ಬೂಟಿಲ್ಲದೆ ಹ್ಯಾಗೆ ಹೋಗ್ತೀಯೋ ನೋಡ್ತೀನಿ ಅಂದೆ, ಅವನು ಹಾ ಅಂತ ನಕ್ಕು ಉಣ್ಣೆ ಕಾಲುಚೀಲದಲ್ಲೇ ಹಡಗುಕಟ್ಟೆಯ ಮೇಲೆ ಓಡಿದ, ಬೂಟು ರೆಜಿಮೆಂಟಿನವರು ಕೊಡ್ತಾರಮ್ಮಾ, ನಮ್ಮದೇ ರೆಜಿಮೆಂಟು, ನಮ್ಮ ನ್ಯೂಫೌಂಡ್‌ಲ್ಯಾಂಡಿಂದು, ಅಂಗೈಯಗಲದ ನಾಡಿಗೆ ಒಂದು ಸ್ವಂತ ದಂಡು — ಅವನ ಹಿಂದೆ ಪಕ್ಕದ ಮನೆ ಸೆಲೀನಾಳ ಗಂಡುಮಕ್ಕಳಿಬ್ಬರು, ಕಮ್ಮಾರನ ಮಗ ಗಾರ್ಲೆಂಡ್, ಸೀಲ್ ಬೇಟೆಗೆ ಹೊರಟವರ ಹಾಗೆ ಕೂಗಾಡಿಕೊಂಡು, ಎಲ್ಲರಲ್ಲಿ ತಿರುಗಿ ಬಂದವನು ಗಾರ್ಲೆಂಡ್ ಒಬ್ಬನೇ, ಒಂದು ಕಾಲು ಫ್ರಾನ್ಸಿನಲ್ಲಿ ಬಿಟ್ಟು. ಹೋದ ಚಳಿಗಾಲ ಒಲೆ ಮುಂದೆ ಕೂತು ಹೇಳಿದ, ಹೇಳಬಾರದು ಅಂತಿದ್ದೆ ಚಿಕ್ಕಮ್ಮಾ, ಆದರೆ ನೀನು ಬಿಡೋಳಲ್ಲ, ನಮ್ಮ ಬೆನ್ನುಚೀಲಕ್ಕೆಲ್ಲ ತಗಡಿನ ತುಂಡು ಕಟ್ಟಿದ್ರು, ಮೂರು ಮೂಲೇದು, ನಾವು ಎಷ್ಟು ಮುಂದೆ ಹೋದ್ವಿ ಅಂತ ಹಿಂದಿರೋ ನಮ್ಮ ಫಿರಂಗಿಯವರಿಗೆ ಹೊಳೆದು ಕಾಣ್ಲಿ ಅಂತ, ಮುಂದೆ ಹೋಗೋದೆಲ್ಲಿ ಬಂತು, ನಮ್ಮದೇ ಮುಳ್ಳುತಂತಿ ದಾಟೋ ಹೊತ್ತಿಗೆ ಜರ್ಮನ್ನರು ಮಲಗಿಸಿಬಿಟ್ರು, ಹೆಡ್ಲಿ ಸತ್ತಿರಲಿಲ್ಲ ಚಿಕ್ಕಮ್ಮಾ, ತೊಡೆಗೆ ಪೆಟ್ಟು, ಬೋರಲು ಬಿದ್ದಿದ್ದ, ಬಿಸಿಲು ನೆತ್ತಿಗೇರಿತ್ತು, ಅಲ್ಲಾಡಬೇಡ್ವೋ, ಬೆನ್ನು ಹೊಳೀತಾ ಇದೆ, ಆ ಕಡೆಯವರಿಗೆ ಕಾಣುತ್ತೆ ಅಂತ ಪಕ್ಕದ ಗುಂಡಿಯೊಳಗಿಂದ ಕೂಗ್ಕೊಂಡೆ, ಬಾಯಾರಿತ್ತು ಅವನಿಗೆ — ಅಷ್ಟಕ್ಕೇ ನಿಲ್ಲಿಸಿದ ಗಾರ್ಲೆಂಡ್, ಚಹಾ ಕುಡಿಯದೆ ಎದ್ದು ಹೋದ.

ಮಿಸೆಸ್ ಏಬ್ರಮ್ ಪೆನ್ನಿ, ಯಾರೋ ಕೂಗುತ್ತಿದ್ದಾರೆ, ನನ್ನನ್ನೇ, ಏಳು, ಕಾಲೇ, ಏಳು, ಬ್ಯಾಂಡಿನವರು ತುತ್ತೂರಿ ತೊಡೆಗಿಟ್ಟುಕೊಂಡರು, ಹಗ್ಗ ಅಂಗೈಗೆ ಬಂತು, ನಯವಾದ ಪಟ್ಟಣದ ಹಗ್ಗ, ಊರಿಗೆ ಊರೇ ಅವಳ ಬಾಯಿ ನೋಡುತ್ತಿತ್ತು, ನನ್ನ ಮಗನನ್ನು, ಅಂದಳು, ಕ್ರೆಸ್ವಿಕ್ ದೊರೆ ತಲೆಯಾಡಿಸಿದರು, ನನ್ನ ಮಗನನ್ನು ನಾನು ಯಾರಿಗೂ ಕೊಟ್ಟಿಲ್ಲ, ಬೂಟು ಬಚ್ಚಿಟ್ಟಿದ್ದೆ, ಹುಡುಗು ಬುದ್ಧಿ, ಹೋದ, ಹೋದವನ ಬೆನ್ನಿಗೆ ತಗಡು ಕಟ್ಟಿದಿರಲ್ಲ, ಬಿಸಿಲಲ್ಲಿ ಹೊಳೆಯೋ ತಗಡು, ಅದನ್ನ ಕಟ್ಟಿ ಅಂದೋನು ಯಾರು, ಅವನ ಹೆಸರೂ ಈ ಕಲ್ಲಿನ ಮೇಲೆ ಇದೆಯಾ — ಮಿಸೆಸ್ ಪೆನ್ನಿ, ನಾವು ಮಾತಾಡಿದ್ದು ಹೀಗಲ್ಲ ಅಂತ ದೊರೆ ಪಿಸುಗುಟ್ಟಿದರು, ನೀವು ಮಾತಾಡಿದ್ದು ದೊರೆ, ನಾನಲ್ಲ, ನಾನು ಬ್ರೆಡ್ಡು ಕೊಯ್ತಿದ್ದೆ, ಹಿಂದಿನಿಂದ ಸೆಲೀನಾ ಎದ್ದಳು, ಹೇಳು ಟ್ರೈಫೀನಕ್ಕಾ, ನನ್ನವರಿಬ್ಬರ ಪಾಲಿಂದೂ ಹೇಳು, ಏಬ್ರಮ್ ಟೋಪಿ ತೆಗೆದ, ಗಂಡಸರು ಒಬ್ಬೊಬ್ಬರಾಗಿ ತೆಗೆದರು, ಪಾದ್ರಿ ಬ್ಯಾಂಡಿನವರ ಕಡೆ ಕೈ ಬೀಸಿದರು, ಯಾರೂ ಊದಲಿಲ್ಲ. ಆಗ ಎಳೆದಳು, ಬಲೆ ಎಳೆದ ಹಾಗೆ ಸೊಂಟ ಕೊಟ್ಟು, ಬಾವುಟ ಕೆಳಗೆ ಬಿತ್ತು, ಕಲ್ಲಿನ ಮೇಲೆ ಹೊಸ ಹಿತ್ತಾಳೆ ಫಲಕ, ಓದೋಣ ಅಂದರೆ ಅಕ್ಷರವೇ ಕಾಣದು, ಬಿಸಿಲು ಅದರ ಮೇಲೆ ಕೂತು ಕಣ್ಣಿಗೆ ಚುಚ್ಚುತ್ತಿದೆ, ತಲೆ ತಗ್ಗಿಸೋದಿಲ್ಲ, ನೋಡ್ತೀನಿ, ಬಾಯಾರಿದೆ ಅವನಿಗೆ, ನೀರಿನ ಬುಂಡೆಗೆ ಕೈ ಚಾಚುತ್ತಾನೆ, ಬೆನ್ನು ಹೊಳೆಯುತ್ತೆ, ಕೈ ಚಾಚುತ್ತಾನೆ, ಹೊಳೆಯುತ್ತೆ, ಕೈ —