ಸೀಗಡಿ ಬಾಕ್ಸಿನಲ್ಲಿ ಸಿಕ್ಕ ಬೆಂಕಿಹುಳ

ಭಾನುವಾರ ಬೆಳಿಗ್ಗೆ ಶಿರಾದ ದೇವರಾಜುವಿನ ಮೀನಿನಂಗಡಿಯಲ್ಲಿ ವನಜಾಕ್ಷಿ ಬಂಗುಡೆ ಆರಿಸುತ್ತ ನಿಂತಿದ್ದಳು. ದೇವರಾಜುವಿನ ಹೆಂಡತಿ ಮಂಜಮ್ಮ ಮಂಗಳೂರಿನಿಂದ ಬಂದ ಸೀಗಡಿ ಬಾಕ್ಸಿಗೆ ಕೈ ಹಾಕಿದವಳು ಕಿರುಚಿಕೊಂಡು, ಕೈಗೆ ಸಿಕ್ಕಿದ್ದನ್ನು ನೆಲಕ್ಕೆ ಒಗೆದಳು. ಉರಿಯುವ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೊರಟಾಗ ವನಜಾಕ್ಷಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಉಜ್ಜಬ್ಯಾಡ ಮಂಜಕ್ಕ! ಉಜ್ಜಿದ್ರೆ ಹುಳದ ಕೂದಲು ಇನ್ನೂ ಒಳಕ್ಕೋಗ್ತವೆ."

ನೆಲದ ಮೇಲೆ ಬಿದ್ದಿದ್ದು ಹೆಬ್ಬೆರಳಿನಷ್ಟು ದಪ್ಪದ, ಎರಡೂ ತುದಿ ಸಪೂರವಾದ ಹುಳ. ಮೈಯ ಎರಡೂ ಬದಿಗೆ ಹೊಂಬಣ್ಣದ ಕೂದಲು ನಿಮಿರಿ ನಿಂತಿತ್ತು. ಅಕ್ಕಪಕ್ಕದವರೆಲ್ಲ ಬಂದು ಸುತ್ತುಗಟ್ಟಿದರು.

"ಸಮುದ್ರದ ಜರಿ ಕಣ್ಲಾ ಅದು," ಎಂದ ಒಬ್ಬ.

"ಮೀನಿಗೆಲ್ಲ ವಿಸ ಹತ್ಕಂಡೈತೆ, ಯಾರೂ ತಗಾಬ್ಯಾಡ್ರಪ್ಪ," ಎಂದ ಇನ್ನೊಬ್ಬ. ಅಷ್ಟರಲ್ಲಿ ಯಾರೋ ಫೋನು ತೆಗೆದು ವಿಡಿಯೋ ಮಾಡಿ ಕಳಿಸಿಯೂ ಆಗಿತ್ತು.

ವನಜಾಕ್ಷಿಗೆ ಗಾಬರಿಯಾಗಲಿಲ್ಲ. ಅವಳು ಮಧುಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ. ಓದಿದ್ದು ಕಾರವಾರದಲ್ಲಿ, ಅಲ್ಲಿ ಕಡಲ ಹುಳಗಳನ್ನು ಗುರುತಿಸುವುದನ್ನೇ ವಿಶೇಷವಾಗಿ ಕಲಿತಿದ್ದಳು. ಊರಿಗೆ ಬಂದಾಗ ಅವಳ ದೊಡ್ಡಪ್ಪ ಸಂಜೀವಯ್ಯ, "ಈ ಬಯಲುಸೀಮೇಲಿ ಸಮುದ್ರದ ಹುಳ ಇಟ್ಕಂಡು ಏನ್ಮಾಡ್ತೀಯವ್ವ?" ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ತಾನು ಕಲಿತದ್ದು ದಂಡ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಪಕ್ಕದ ಅಂಗಡಿಯಿಂದ ಅಂಟು ಟೇಪು ತರಿಸಿ ಮಂಜಮ್ಮನ ಅಂಗೈಗೆ ಒತ್ತಿ ಮೆಲ್ಲಗೆ ಎತ್ತಿದಳು. ಟೇಪಿಗೆ ಅಂಟಿ ಬಂದ ಹೊಂಬಣ್ಣದ ಎಳೆಗಳು ಬಿಸಿಲಿಗೆ ಹೊಳೆದವು. ಹಾಗೇ ಮತ್ತೆ ಮತ್ತೆ ಎತ್ತಿ, ಕೊನೆಗೆ ಒಂದೂ ಬರದಿದ್ದಾಗ, "ಈಗ ಆಸ್ಪತ್ರೆಗೋಗು. ಹುಳ ಕಚ್ಚಿಲ್ಲ, ಕೂದಲು ಚುಚ್ಚೈತೆ ಅಂತ ಡಾಕ್ಟ್ರಿಗೆ ಹೇಳು," ಎಂದಳು.

ವಿಡಿಯೋ ನೋಡಿ ಆರೋಗ್ಯ ನಿರೀಕ್ಷಕ ನಾಗಲಿಂಗಯ್ಯನವರು ಬಂದರು. ಹುಳವನ್ನು ಬಗ್ಗಿ ನೋಡಿ, "ಇದೇನು ಅಂತ ಗೊತ್ತಾಗೋವರ್ಗೂ ಅಂಗಡಿ ಮುಚ್ಚು ದೇವರಾಜು. ನಾಳೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ಯಾರ್ದು?" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಜರಿಯಂತೂ ಅಲ್ಲ ಸರ್," ಎಂದಳು ವನಜಾಕ್ಷಿ. ಚಿಮಟದಿಂದ ಹುಳವನ್ನು ಎತ್ತಿ ಹಿಡಿದು ತೋರಿಸಿದಳು. "ಜರಿಯ ಕಾಲಿಗೆ ಗೆಣ್ಣಿರುತ್ತೆ. ಇದಕ್ಕೆ ಕಾಲೇ ಇಲ್ಲ. ಮೈಯ ಪ್ರತಿ ಉಂಗುರದ ಪಕ್ಕದಲ್ಲೂ ಮೆತ್ತನೆ ಗುಬಟು, ಅದರ ತುಂಬ ಕೂದಲು. ಇದು ಮುಟ್ಟಿದ್ರೆ ಉರಿಸೋ ಕಡಲ ಬೆಂಕಿಹುಳದ ವಂಶ. ಅದರಲ್ಲಿ ಯಾವುದು ಅಂತ ನಾಳೆ ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳ್ತೀನಿ."

"ಮೀನು ತಿನ್ನಬಹುದಾ?" ಎಂದರು ನಾಗಲಿಂಗಯ್ಯನವರು.

"ಬೇರೆ ಬಾಕ್ಸಿನವಕ್ಕೆ ಏನೂ ಆಗಿಲ್ಲ. ಈ ಸೀಗಡಿ ಮಾತ್ರ ಮಾರಬಾರದು. ಮುರಿದ ಕೂದಲು ಅದರೊಳಗೆ ಸೇರಿರುತ್ತೆ."

ದೇವರಾಜುವಿನ ಮುಖ ಕೆಂಪಾಯಿತು. "ಏನ್ ಮೇಡಂ, ನಮ್ ಕಡೀಕ್ ಮಾತಾಡ್ತೀರ ಅನ್ಕಂಡ್ರೆ ನೀವೇ ಇಂಗಂದ್ಬುಟ್ರಲ್ಲ! ತೊಳ್ಕಂಡ್ರೆ ಆಗಾಕಿಲ್ವಾ?"

"ನಿನ್ ಹೆಂಡ್ತಿ ಕೈ ನೋಡಿದೆಯಲ್ಲ. ಅದೇ ಕೂದಲು ಒಂದು ಮಗುವಿನ ಗಂಟಲಿಗೆ ಚುಚ್ಚಿದ್ರೆ?"

ಅವನು ಬಾಕ್ಸಿನ ಮುಚ್ಚಳ ಹಾಕಿದ. ಸೀಗಡಿಯನ್ನು ಊರಾಚೆ ಗುಂಡಿ ತೆಗೆದು ಹೂಳಿಸಿದ. ಉಳಿದ ಮೀನಿಗೆ ಹೊಸ ಐಸು ತುಂಬಿ ಬಾಗಿಲು ಹಾಕಿದ. ವನಜಾಕ್ಷಿ ಹುಳವನ್ನು ಖಾಲಿ ಬಾಟಲಿಗೆ ಹಾಕಿಕೊಂಡು ಹೋದಳು.

ಮರುದಿನ ಅವಳು ಲ್ಯಾಬಿನಲ್ಲಿ ಕೂತಿದ್ದಾಗ ಬಾಗಿಲಲ್ಲಿ ಮಂಜಮ್ಮ ನಿಂತಿದ್ದಳು. ಕೈಗೆ ಬಟ್ಟೆ ಸುತ್ತಿತ್ತು. ಉರಿ ಎಷ್ಟೋ ಇಳಿದಿದೆ ಎಂದಳು.

"ನನ್ ಕೈ ಸುಟ್ಟಿದ್ದು ಏನು ಅಂತ ನೋಡ್ದೆ ಹೆಂಗಿರ್ಲಿ? ಬಸ್ ಹತ್ತಿ ಬಂದ್ಬುಟ್ಟೆ."

ವನಜಾಕ್ಷಿಗೆ ಸಂತೋಷವಾಯಿತು. ಅವಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಹುಳದ ಬೆನ್ನು ಬರೀ ಲೋಳೆಯಿಂದ ಮಬ್ಬಾಗಿತ್ತು. ಇರಬೇಕಾದ ಗುರುತು ಕಾಣುತ್ತಿರಲಿಲ್ಲ. ಅವಸರಪಡದೆ ಸಣ್ಣ ಬ್ರಷ್ಷಿನಿಂದ ಉಪ್ಪುನೀರು ಸವರಿ ತೊಳೆದಳು. ಒಂದೊಂದೇ ಉಂಗುರ ಸ್ವಚ್ಛವಾಗುತ್ತ ಬಂತು. ಪ್ರತಿ ಉಂಗುರದ ನಡುವೆ ಒಂದೊಂದು ನೇರಳೆ ಬೊಟ್ಟು, ಸಾಲಾಗಿ ತಲೆಯಿಂದ ಬಾಲದವರೆಗೆ.

"ನೋಡು, ಬಂತು," ಎಂದು ವನಜಾಕ್ಷಿ ಜಾಗ ಬಿಟ್ಟುಕೊಟ್ಟಳು.

ಮಂಜಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. "ಅಯ್ಯಯ್ಯೋ, ಕುಂಕುಮ ಇಟ್ಟಂಗೈತೆ! ಪಕ್ಕದಾಗೆ ಗರಿಗರಿಯಾಗಿರೋದೇನು?"

"ಕಿವಿರು. ಮೀನಿಗಿದ್ದಂಗೆ, ಉಸಿರಾಡೋಕೆ. ಮೊದಲಿನ ಮೂರು ಉಂಗುರದಲ್ಲಿ ಇರಲ್ಲ, ನಾಲ್ಕನೇದರಿಂದ ಶುರು. ತಲೆಯ ಮೇಲೆ ಸುಕ್ಕುಸುಕ್ಕಾದ ಜುಟ್ಟೈತೆ ನೋಡು. ಅದು ಇದರ ವಂಶದ ಗುರುತು."

"ಬಾಯಿ ಎಲ್ಲೈತೆ? ಹಲ್ಲೇ ಕಾಣಾಕಿಲ್ವಲ್ಲ?"

"ಬಾಯಿ ಕೆಳಗೈತೆ. ಹಲ್ಲಿಲ್ಲ."

"ಹಂಗಾರೆ ಅದು ನನ್ನ ಕಚ್ಚೇ ಇಲ್ವಾ?"

"ಇಲ್ಲ ಮಂಜಕ್ಕ. ನೀನೇ ಅದನ್ನ ಹಿಡ್ಕಂಡಿದ್ದು."

ಮಂಜಮ್ಮ ಗಹಗಹಿಸಿ ನಕ್ಕಳು. ವನಜಾಕ್ಷಿ ಒಂದು ಕೂದಲನ್ನು ಗಾಜಿನ ಪಟ್ಟಿಯ ಮೇಲಿಟ್ಟು ತೋರಿಸಿದಳು. ತುದಿ ಕವಲೊಡೆದಿತ್ತು, ಒಂದು ಅಂಚು ಗರಗಸದಂತಿತ್ತು. ಅದಕ್ಕೆ ಒಂದು ಹನಿ ಆ್ಯಸಿಡ್ ಬಿಟ್ಟಾಗ ಸಣ್ಣ ಗುಳ್ಳೆಗಳೆದ್ದವು.

"ಸುಣ್ಣದ ಕೂದಲು. ಅದಕ್ಕೇ ಗಾಜಿನಂಗೆ ಚರ್ಮದೊಳಗೆ ಮುರಿಯೋದು."

ವನಜಾಕ್ಷಿ ನಾಗಲಿಂಗಯ್ಯನವರಿಗೆ ಫೋನು ಮಾಡಿದಳು. "ಹುಳದ ಹೆಸರು ಕ್ಲೋಯಿಯಾ ಫ್ಲಾವಾ ಸರ್. ಅನುಮಾನವೇ ಇಲ್ಲ. ನಮ್ಮ ಕರಾವಳಿಯಲ್ಲಿ ಬಲೆಗೆ ಬೀಳೋ ಹುಳವೇ. ಮುಟ್ಟಿದ್ರೆ ಉರಿಯುತ್ತೆ, ಅಷ್ಟೇ. ಪಕ್ಕದ ಬಾಕ್ಸಿನ ಮೀನಿಗೆ ಹರಡಲ್ಲ." ಅವರು ಎರಡು ಪ್ರಶ್ನೆ ಕೇಳಿದರು, ಉತ್ತರ ಸರಿಕಂಡಿತು. ಅಂಗಡಿ ತೆಗೆಯಬಹುದು ಎಂದರು.

ಮಂಗಳವಾರ ಬೆಳಿಗ್ಗೆ ಮೊದಲು ಬಂದವರು ಮೀನಿಗಿಂತ ಹುಳದ ಸುದ್ದಿಗೇ ಬಂದಿದ್ದರು. ದೇವರಾಜು ಬಾಯಿ ತೆರೆಯುವ ಮೊದಲೇ ಮಂಜಮ್ಮ ಮುಂದೆ ಬಂದಳು. "ಜರಿಯಲ್ಲ ಕಣ್ರಪ್ಪ. ಅದಕ್ಕೆ ಕಾಲಿಲ್ಲ, ಹಲ್ಲಿಲ್ಲ, ಕಿವಿರೈತೆ. ಮಧುಗಿರೀಲಿ ನಾನೇ ಕಣ್ಣಾರೆ ನೋಡ್ಕಂಡ್ ಬಂದಿವ್ನಿ. ಬಂಗುಡೆ ಎಷ್ಟು ಕೊಡ್ಲಿ ಹೇಳಿ."

ಮಾತು ಕೇಳುತ್ತ ನಿಂತವರಲ್ಲಿ ಒಬ್ಬ ಚೀಲ ಮುಂದೆ ಚಾಚಿದ. ಅವನ ಹಿಂದೆ ಇನ್ನೊಬ್ಬ. ಮಂಜಮ್ಮ ಗ್ಲೌಸು ಹಾಕಿಕೊಂಡು ತಕ್ಕಡಿ ಎಳೆದುಕೊಂಡಳು.